ಅವರು ಉಜ್ಜಿದ ಮೂರು ಪತ್ತಿ

ನಾನು ಅವಸರದ ಮನುಷ್ಯ. ಇದನ್ನ ಮೊದಲ ಹೇಳಿಬಿಡ್ತೀನಿ, ಯಾಕಂದ್ರ ಮುಂದ ಹೇಳೋದೆಲ್ಲ ಈ ಅವಸರದಿಂದನ ಆಗಿದ್ದು. ಇಪ್ಪತ್ತೈದು ವರ್ಷ ಬಾಡಿಗಿ ಜೀಪು ಓಡಿಸಿದವನು ನಾನು. ಕೊಟ್ಟೂರು, ಕೂಡ್ಲಿಗಿ, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ, ಈ ಐದು ಊರಿನ ನಡುವ ನನಗ ಗೊತ್ತಿಲ್ಲದ ತಗ್ಗಿಲ್ಲ. ಮಂದಿ ತುಂಬು, ಓಡಿಸು, ಇಳಿಸು, ಮತ್ತ ತುಂಬು. ಊಟಕ್ಕ ಕೂತ್ರೂ ಇವರ ಎಂಜಿನ್ ಬಂದ್ ಆಗಿರಂಗಿಲ್ಲ ಅಂತ ನನ್ನ ಹೆಂಡ್ತಿ ಬಂದವರ ಮುಂದೆಲ್ಲ ಹೇಳ್ತಾಳ. ಸುಳ್ಳೇನಲ್ಲ.

ನಾ ಈಗ ಹೇಳಾಕ ಹೊಂಟಿರೋ ಮನುಷ್ಯ ನನಗ ಪೂರಾ ಉಲ್ಟಾ. ಕೊಟ್ಟೂರು ಬಸ್ ಸ್ಟ್ಯಾಂಡಿನ ಹಿಂದ, ಒಂದು ಮಾಳಿಗಿ ಮೆಟ್ಟಲ ಕೆಳಗ ಅವರ ಕೀಲಿ ರಿಪೇರಿ ಅಂಗಡಿ. ಒಬ್ಬರು ಕೂಡಬೇಕು, ಒಬ್ಬರು ನಿಂದ್ರಬೇಕು, ಮೂರನೇದವ್ರು ಬಂದ್ರ ರಸ್ತೆದಾಗ ಇರಬೇಕು. ಅಂಗಡಿಗೆ ಬೋರ್ಡ್ ಇದ್ದಿಲ್ಲ. ಹೆಸರು ಹಾಕ್ಕೊಳ್ಳೋದು ಅವರಿಗೆ ಸೇರತಿದ್ದಿಲ್ಲ, ಅದಕ್ಕ ನಾನೂ ಇಲ್ಲಿ ಹೆಸರು ಬರಿಯಂಗಿಲ್ಲ. ಎಲ್ಲಾರೂ ಮೇಸ್ತ್ರಿ ಅಂತಿದ್ವಿ. ಹೋದ ತಿಂಗಳು ಹರಪನಹಳ್ಳಿದಾಗ, ಮಗಳ ಮನಿಯಾಗ ತೀರಿಕೊಂಡ್ರು. ಸುದ್ದಿ ನನಗ ಗೊತ್ತಾಗಿದ್ದು ಮಣ್ಣಾಗಿ ನಾಕು ದಿನದ ಮ್ಯಾಲ, ಒಂದು ಚಾದಂಗಡಿಯಾಗ. ಕೈಯಾಗಿನ ಕಪ್ಪು ಹಂಗ ಕೆಳಗಿಟ್ಟೆ. ಚಾ ಕುಡಿಯಾಕ ಆಗಲಿಲ್ಲ.

ಮನಿ ಕೀಲಿ, ಪೆಟಗಿ ಕೀಲಿ ಎಲ್ಲಾ ಮಾಡ್ತಿದ್ರು, ಆದ್ರ ಅವರ ಮನಸ್ಸಿದ್ದದ್ದು ಗಾಡಿ ಕೀಲಿದಾಗ. ಸ್ಕೂಟರಿನ ಸೀಟಿನ ಕೆಳಗಿನ ಡಿಕ್ಕಿ, ಜೀಪಿನ ಡ್ರೈವರ್ ಪಕ್ಕದ ಡಬ್ಬಿ, ಇಂಥವುಕ್ಕ ಹೊಸ ಕೀಲಿ ತಂದ್ರ ಅದರ ಜೊತಿ ಅದರದ ಬ್ಯಾರೆ ಕೀಲಿಕೈ ಬರ್ತೈತಿ. ಎರಡೆರಡು ಯಾರು ಹೊತ್ಕೊಂಡು ತಿರಗ್ತಾರ? ಗಾಡಿ ಚಾಲೂ ಮಾಡೋ ಕೀಲಿಕೈಗೇ ಡಬ್ಬಿನೂ ತೆಗೀಬೇಕು. ಅದಕ್ಕ ಮೇಸ್ತ್ರಿ ಹೊಸ ಕೀಲಿ ಬಿಚ್ಚಿ, ಒಳಗಿನ ಸಿಲಿಂಡರ್ ಹೊರಗ ತೆಗೆದು, ಮೊದಲಿಂದ ಜೋಡಿಸ್ತಿದ್ರು. ಕಿರುಬೆರಳಿನಷ್ಟು ಸಿಲಿಂಡರ್, ಅದರಾಗ ಐದು ಸೀಳು. ಸೀಳಿಗೊಂದು ತೆಳ್ಳನ ಹಿತ್ತಾಳಿ ಪತ್ತಿ, ಪತ್ತಿಗೊಂದು ಕೂದಲೆಳಿಯಂಥ ಸ್ಪ್ರಿಂಗು. ಪತ್ತಿ ನೋಡಾಕ ಎಲ್ಲಾ ಒಂದ ಥರ, ಆದ್ರ ನಡುವಿನ ಕಿಂಡಿ ಒಂದರಾಗ ಮ್ಯಾಲ, ಒಂದರಾಗ ಕೆಳಗ. ಅದಕ್ಕಂತ ಅವುಕ್ಕ ನಂಬರ ಇರ್ತಾವು. ಕೀಲಿಕೈ ಹಾಕಿದಾಗ ಐದೂ ಪತ್ತಿ ಸಿಲಿಂಡರಿನ ಮೈಗೆ ಸಮ ಕೂಡಬೇಕು. ಒಂದು ಎದ್ದಿತ್ತಂದ್ರ ಆ ನಂಬರ ತಪ್ಪು, ತೆಗೀಬೇಕು, ಇನ್ನೊಂದು ಹಾಕಿ ನೋಡಬೇಕು.

ಈ ಕೆಲಸಕ್ಕ ಮುಂಚೆ ಕೈ ತೊಳಕೊಳ್ತಿದ್ರು. ಊಟಕ್ಕ ಕೂಡೋರಂಗ ಮೊಣಕೈ ತನಕ. ಆಮ್ಯಾಲ ಹಳೇ ಧೋತ್ರದ ಒಂದು ಬಿಳಿ ಅರಬಿ ಹಾಸೋರು, ಸಿಡಿದ ಸ್ಪ್ರಿಂಗು ಕಾಣ್ಲಿ ಅಂತ. ಅಷ್ಟಾದ್ರೂ ಒಂದೊಂದು ಸಿಡಿದು ಹೋಗೋದು. ಆಗ ಎದುರಿಗೆ ಯಾರ ನಿಂತಿರ್ಲಿ, 'ಕಾಲೆತ್ರಿ' ಅಂತಿದ್ರು. ಒಮ್ಮೆ ದೊಡ್ಡ ಅಧಿಕಾರಿ ಒಬ್ಬರು ಬೂಟುಗಾಲಾಗ ನಿಂತಿದ್ರು. 'ಸಾಹೇಬ್ರ, ಕಾಲೆತ್ರಿ' ಅಂದ್ರು. ಸಾಹೇಬ್ರು ಒಂದು ಕಾಲು ಎತ್ತಿದ್ರು. 'ಇನ್ನೊಂದು.' ಅವರು ಗ್ವಾಡಿ ಹಿಡ್ಕೊಂಡು ಅದನ್ನೂ ಎತ್ತಿದ್ರು. ಇನ್ನೊಂದು ಸ್ಪ್ರಿಂಗು ಹಾಕ್ರಿ ಮೇಸ್ತ್ರಿ, ಡಬ್ಬಿ ತುಂಬ ಅದಾವಲ್ಲ ಅಂದೆ ನಾನು. ನನ್ನ ಕಡೆ ತಿರುಗಿ, 'ಕಳದಿದ್ದು ಕೀಲಿಯೊಳಗ ಬಿದ್ದಿದ್ರ?' ಅಂದ್ರು. ಹುಡುಕಿ, ಸಿಕ್ಕ ಮ್ಯಾಲನ ಕೆಲಸ ಮುಂದ ನಡೀತು.

ಅವರದೊಂದು ಪದ್ಧತಿ ಇತ್ತು. ಅದು ನನಗ ಬಾಳ ಬ್ಯಾಸರದ್ದು. ಕೀಲಿ ಜೋಡಿಸಿ, ಗಿರಾಕಿ ಕೀಲಿಕೈ ಹಾಕಿ ತೆಗೆದು ತೋರಿಸಿದ ಮ್ಯಾಲೂ ಕೊಡ್ತಿದ್ದಿಲ್ಲ. ಗ್ವಾಡಿ ಮೊಳಿಗೆ ಒಂದು ದುಂಡನ ತಂತಿ ಬಳಿ ತೂಗಿ ಹಾಕಿದ್ರು. ಅದಕ್ಕ ಪೋಣಿಸಿದ್ದು ಇಪ್ಪತ್ಮೂರು ಹಳೇ ಕೀಲಿಕೈ, ಎಂದೋ ಗುಜರಿಗೆ ಹೋದ ಗಾಡಿಗಳವು. ಅವನ್ನ ಒಂದೊಂದಾಗಿ ಆ ಕೀಲಿಗೆ ಹಾಕಿ ತಿರುವಿ ನೋಡ್ತಿದ್ರು. ಇಪ್ಪತ್ಮೂರಕ್ಕೂ ತೆಗೀಲಿಲ್ಲ ಅಂದ್ರ ಮಾತ್ರ ಕೀಲಿ ಗಿರಾಕಿ ಕೈಗೆ. ಒಂದು ಸಲ ರೇಗಿ ಕೇಳೇಬಿಟ್ಟೆ, ನನ್ನ ಕೀಲಿಕೈಗೆ ತೆಗೀತಲ್ರಿ, ಮತ್ತೇನು ಇದು ಅಂತ. ಅವರು ತಲಿ ಎತ್ತಲಿಲ್ಲ. 'ನಿನ್ನ ಕೀಲಿಕೈಗೆ ತೆಗೀತೈತಿ ಅನ್ನೋದು ಅರ್ಧ ಕೀಲಿ, ತಮ್ಮಾ. ಮಂದಿ ಕೀಲಿಕೈಗೆ ತೆಗ್ಯಂಗಿಲ್ಲ ಅನ್ನೋದು ಉಳಿದರ್ಧ.'

ಇನ್ನೊಂದು ನೆನಪು. ಕೂಡ್ಲಿಗಿ ಕಡೆಯ ಒಬ್ಬಾಕಿ ಹೆಣ್ಮಗಳು, ತನ್ನ ತಮ್ಮನ್ನ ಕರ್ಕೊಂಡು ಒಂದು ಸ್ಕೂಟರ್ ತಳ್ಳಿಸ್ಕೊಂಡು ಬಂದಿದ್ಲು. ಗಂಡ ಅಪಘಾತದಾಗ ತೀರಿಕೊಂಡು ಹದಿನೈದು ದಿನ. ಕೀಲಿಕೈ ಅಲ್ಲೇ ಎಲ್ಲೋ ಬಿದ್ದು ಹೋಗಿತ್ತು. ಸೀಟಿನ ಕೆಳಗಿನ ಡಿಕ್ಕಿ ತೆಗೆದು ಕೊಡ್ರಿ ಅಂದ್ಲು. ಮೇಸ್ತ್ರಿ ಕಾಗದ ಎಲ್ಲಾ ನೋಡಿದ್ರು, ಆಮ್ಯಾಲ ಕೂತು ಸಾವಕಾಶ ಕೀಲಿ ಬಿಡಿಸಿದ್ರು. ಕಟ್ ಅಂತ ಸಪ್ಪಳ ಆದಕೂಡ್ಲೆ ಸೀಟು ಎತ್ತಲಿಲ್ಲ. ಎದ್ದು, ಬೆನ್ನು ತಿರುಗಿಸಿ, ಅಷ್ಟು ದೂರ ಹೋಗಿ ನಿಂತ್ರು. ಆಕಿ ಸೀಟು ಎತ್ತಿದ್ಲು. ನಾನು ನಿಂತಲ್ಲೇ ನಿಂತಿದ್ದೆ, ನೋಡಿದೆ. ಒಳಗ ಒಂದು ಜೊತಿ ಸಣ್ಣ ಮಕ್ಕಳ ಚಪ್ಪಲಿ, ಹೊಸಾವು, ಅಂಗಡಿ ಕಾಗದ ಇನ್ನೂ ಬಿಚ್ಚಿದ್ದಿಲ್ಲ. ಆಕಿ ಅಲ್ಲೇ ನೆಲದ ಮ್ಯಾಲ ಕೂತುಬಿಟ್ಲು.

ಅಕ್ಕ ತಮ್ಮ ಹೋದ ಮ್ಯಾಲ ಮೇಸ್ತ್ರಿ ನನ್ನ ಕೇಳಿದ್ರು, 'ನೋಡಿದೇನು?'

'ನೋಡಿದೆ.'

'ನೋಡಬಾರದಿತ್ತು. ಮಂದಿ ಡಬ್ಬಿ ತೆಗ್ಯೋದು ನಮ್ಮ ಕೆಲಸ. ಒಳಗ ಏನೈತಿ ಅನ್ನೋದು ನಮ್ಮದಲ್ಲ.'

ಇಂಥಾ ಮನುಷ್ಯನ ಕೈಯಿಂದ ನಾನು ಒಂದು ಹೇಸಿ ಕೆಲಸ ಮಾಡಿಸಿದೆ. ಹದಿನೈದು ವರ್ಷದ ಮ್ಯಾಲಾತು. ಇವತ್ತಿನ ತನಕ ಯಾರಿಗೂ ಬಾಯಿ ಬಿಟ್ಟಿದ್ದಿಲ್ಲ.

ನನ್ನ ಜೀಪಿನ ಡಬ್ಬಿ ಕೀಲಿ ಕೆಟ್ಟಿತ್ತು. ಹೊಸದು ತಂದು ಅವರಿಗೆ ಕೊಟ್ಟೆ. ನನ್ನ ಕೀಲಿಕೈ ಸವೆದು ಸವೆದು ಹಲ್ಲಿಲ್ಲದ ಮುದುಕಿ ಬಾಯಂಗಾಗಿತ್ತು. ಅದಕ್ಕ ಯಾವ ನಂಬರ ಹಾಕಿದ್ರೂ ಮೂರು ಪತ್ತಿ ಸಮ ಕೂಡವಲ್ಲವು, ಕೂದಲಷ್ಟು ಎದ್ದು ನಿಲ್ತಾವು. ಮೇಸ್ತ್ರಿ ಹೇಳಿದ್ರು, 'ತಮ್ಮಾ, ಈ ಕೀಲಿಕೈ ಸತ್ತೈತಿ. ಇದರ ಮೂಲ ಅಳತಿಗೆ ಹೊಸದು ಕೊರದು, ಅದಕ್ಕ ಪತ್ತಿ ಜೋಡಿಸಬೇಕು. ನಾಳಿ ಬಾ.'

ಹೊರಗ ನನ್ನ ಜೀಪಿನಾಗ ಮಂದಿ ಕೂತಿದ್ರು, ಹಾರ್ನ್ ಹೊಡಿಯಾಕ ಹತ್ತಿದ್ರು. ನಾಳಿ ಮತ್ತ ಬಾಡಿಗಿ ಇತ್ತು. 'ನಾಳಿ ಗೀಳಿ ಆಗಂಗಿಲ್ರಿ. ಎದ್ದ ಪತ್ತಿ ಅರದಿಂದ ಉಜ್ಜಿ ಸಮ ಮಾಡಿ ಕೊಡ್ರಿ. ಎಲ್ಲಾ ಕಡೆ ಹಂಗ ಮಾಡ್ತಾರ' ಅಂದೆ.

'ಉಜ್ಜಿದ್ರ ಅದು ಯಾರನ್ನೂ ತಡ್ಯಂಗಿಲ್ಲ.'

'ತಡಿಯೋದಕ್ಕ ಅದರಾಗ ಏನೈತ್ರಿ? ಲೈಸೆನ್ಸು, ಒಂದು ಒರಸೋ ಅರಬಿ. ಕೊಡ್ರಿ ಸಾಕು.'

ಅವರು ಸಣ್ಣ ಅರ ತಗೊಂಡು ಮೂರು ಪತ್ತಿ ಉಜ್ಜಿದ್ರು. ಗ್ವಾಡಿ ಮ್ಯಾಲಿನ ತಂತಿ ಬಳಿಗೆ ಕೈ ಹಾಕಿದ್ರು. ನಾನು ಅವರ ಕೈಯಿಂದ ಕೀಲಿ ಕಸ್ಕೊಂಡೆ. ಕಸ್ಕೊಂಡೆ ಅನ್ನೋದ ಸರಿಯಾದ ಮಾತು.

ಒಂದು ತಿಂಗಳಿಗೆ ತಂಬ್ರಹಳ್ಳಿಯ ಒಂದು ಒಕ್ಕಲುತನದ ಮನಿಯವರು ಮೈಲಾರಕ್ಕ ನನ್ನ ಜೀಪು ಹೇಳಿದ್ರು. ಮೈಲಾರಲಿಂಗ ಅವರ ಮನಿದೇವ್ರು. ದೇವರ ಜಗಲಿ ಮ್ಯಾಲಿನ ಅಂಗೈಯಗಲದ ಬೆಳ್ಳಿ ಮುಖ ಹೊಳಿಗೆ ಒಯ್ದು, ನೀರು ಮುಟ್ಟಿಸಿ, ಪೂಜಿ ಮಾಡಿಸ್ಕೊಂಡು ಬರೋದು ಅವರ ಹಿರೀಕರ ಕಾಲದಿಂದ ಬಂದ ನಡಾವಳಿ. ಪೂಜಿ ಎಲ್ಲಾ ಮುಗಿದು ಊಟಕ್ಕ ಕೂಡೋವಾಗ ಮನಿ ಯಜಮಾನ್ರು ಆ ಮುಖ ಹಳದಿ ವಸ್ತ್ರದಾಗ ಸುತ್ತಿ ನನ್ನ ಕೈಗೆ ಕೊಟ್ರು. 'ನಿನ್ನ ಡಬ್ಬಿಯಾಗಿಡು, ಕೀಲಿ ಹಾಕು' ಅಂದ್ರು. ನಾನು ಇಟ್ಟೆ, ಹಾಕಿದೆ. ಹುಣ್ಣಿಮಿ ಗದ್ದಲ, ಎಲ್ಲಿ ನೋಡಿದ್ರೂ ಗಾಡಿ. ಉಂಡು ಬಂದು ತೆಗೆದು ನೋಡಿದ್ರ ಡಬ್ಬಿ ಖಾಲಿ. ಕೀಲಿ ಮುರಿದಿಲ್ಲ, ಗೀರು ಬಿದ್ದಿಲ್ಲ, ಹಾಕಿದ್ದು ಹಾಕಿದಂಗ ಐತಿ. ಕೀಲಿಕೈ ನನ್ನ ಕಿಸೆದಾಗ.

ಮತ್ತ ಯಾರನ್ನ ಕೇಳ್ತಾರ? ನನ್ನನ್ನ ಕೇಳಿದ್ರು. ಯಜಮಾನ್ರು ಹೊಡೀಲಿಲ್ಲ, ಬಡೀಲಿಲ್ಲ, ಪೊಲೀಸಿನವರ ಮಾತೂ ತಗೀಲಿಲ್ಲ. 'ಐತವಾರ ನಮ್ಮ ಮನಿಗೆ ಬಾ. ಜಗಲಿ ಮುಂದ ಭಂಡಾರ ಹಿಡಿದು ಆಣಿ ಮಾಡು. ಅಷ್ಟ ಸಾಕು' ಅಂದ್ರು. ಭಂಡಾರ ಅಂದ್ರ ಬರೇ ಅರಿಷಿಣ ಪುಡಿ ಅಂತ ತಿಳಿಯೋರು ನಮ್ಮ ಕಡೆ ಇಲ್ಲ. ಅದನ್ನ ಹಿಡಿದು ಸುಳ್ಳು ಹೇಳಿದವನ ಮನಿ ದೀಪ ಆರತೈತಿ ಅಂತಾರ. ನಾನು ಕದ್ದಿದ್ದಿಲ್ಲ, ಆಣಿ ಮಾಡಾಕ ಹೆದರಿಕಿ ಇದ್ದಿಲ್ಲ. ಆದ್ರ ಆಣಿ ಮಾಡಿದ ಡ್ರೈವರ್ ಅಂತ ಒಮ್ಮೆ ಆತಂದ್ರ, ಮುಂದ ಯಾವ ಮನಿಯವರು ತಮ್ಮ ಹೆಣ್ಮಕ್ಕಳನ್ನ ಆ ಗಾಡಿ ಹತ್ತಸ್ತಾರ? ನನ್ನ ಹೆಂಡ್ತಿ ಮೂರು ದಿನ ಒಲಿ ಹಚ್ಚಲಿಲ್ಲ.

ಐತವಾರ ಮುಂಜಾನಿ ಆ ಮನಿ ಮುಂದ ಓಣಿ ಮಂದಿ ಎಲ್ಲಾ ಸೇರಿದ್ರು. ನನ್ನ ಅಂಗೈಗೆ ಭಂಡಾರ ಹಾಕಿದ್ರು. ಅಷ್ಟ್ರಾಗ ಹಿಂದಿನಿಂದ ಒಂದು ದನಿ ಬಂತು. 'ಅದನ್ನ ಇಳಸ್ರಿ. ಅಂವ ಆಣಿ ಮಾಡೋದು ಬ್ಯಾಡ.'

ಮೇಸ್ತ್ರಿ. ಕೊಟ್ಟೂರಾಗ ಯಾರೋ ಹೇಳಿದ್ದು ಕಿವಿಗೆ ಬಿದ್ದು, ಮೊದಲನೇ ಬಸ್ ಹಿಡಿದು ಬಂದಿದ್ರು. ಬಗಲಾಗ ಚೀಲ, ಕೈಯಾಗ ಆ ತಂತಿ ಬಳಿ.

'ಯಾರಪಾ ನೀನು?' ಅಂದ್ರು ಯಜಮಾನ್ರು.

'ಆ ಕೀಲಿ ಜೋಡಿಸಿದವನು ನಾನು, ಯಜಮಾನ್ರ. ಅದು ಕೀಲಿ ಅಲ್ಲ. ತೋರಸ್ತೀನಿ ಬರ್ರಿ.'

ತಂತಿ ಬಳಿ ಯಜಮಾನ್ರ ಕೈಗೆ ಕೊಟ್ರು. ಜೀಪಿನ ಡಬ್ಬಿಗೆ ಒಂದೊಂದ ಹಾಕಿ ನೋಡ್ರಿ ಅಂದ್ರು. ಗುಂಪಿನಾಗ ಒಬ್ಬ, ತನ್ನ ಗಾಡಿ ಕೀಲಿಕೈನೂ ಹಾಕಿ ನೋಡೋಣು ಅಂತ ಮುಂದ ಬಂದ. ಮೇಸ್ತ್ರಿ ಅವನ ಕೈ ತಡೆದ್ರು. 'ಊರವರದು ಬ್ಯಾಡ. ನಿನ್ನದಕ್ಕ ತೆಗೀತಂದ್ರ ನಾಳಿಂದ ನೀನು ಕಳ್ಳ. ಇವುಕ್ಕ ವಾರಸದಾರರಿಲ್ಲ, ಇವು ಸಾಕು.' ಯಜಮಾನ್ರು ಹಾಕಿದ್ರು. ಆರು ಕೀಲಿಕೈಗೆ ಅಲುಗಲಿಲ್ಲ. ಏಳನೇದಕ್ಕ ಡಬ್ಬಿ ತೆಗೀತು. ಹನ್ನೊಂದನೇದಕ್ಕ ಮತ್ತ ತೆಗೀತು.

ಆಮ್ಯಾಲ ಮೇಸ್ತ್ರಿ ಸಿಲಿಂಡರ್ ಬಿಚ್ಚಿದ್ರು. ಮೇಸ್ತ್ರಿ ಜಾತಿಯವರು ಆ ಓಣಿಯಾಗ ಕಟ್ಟಿ ಏರಿ ಕೂತಿದ್ದನ್ನ ನಾನಂತೂ ಕಂಡಿದ್ದಿಲ್ಲ. ಅವರು ಯಾರನ್ನೂ ಕೇಳಲಿಲ್ಲ. ಚರಿಗಿ ನೀರು ಬೇಡಿ ಕೈ ತೊಳಕೊಂಡು, ಕಟ್ಟಿ ಮ್ಯಾಲ ಬಿಳಿ ಅರಬಿ ಹಾಸಿ, ನಡುವ ಕೂತು, ಐದೂ ಪತ್ತಿ ಸಾಲಾಗಿಟ್ರು. ಊರ ಹಿರಿಯರು ಬಗ್ಗಿ ನೋಡಿದ್ರು. ಎರಡು ನೆಟ್ಟಗಿದ್ವು, ಮೂರರ ಅಂಚು ಉಜ್ಜಿ ಹೋಗಿತ್ತು.

'ಇವನ್ನ ಉಜ್ಜಬಾರದಿತ್ತು. ನಾನು ಉಜ್ಜಿದೆ. ಮಂದಿ ಕೀಲಿಕೈ ಹಾಕಿ ನೋಡಬೇಕಿತ್ತು, ನೋಡಲಿಲ್ಲ. ನಿಮ್ಮ ದೇವರ ಮುಖ ಹೋಗಿದ್ದು ನನ್ನ ಕೈಯಿಂದ. ಈ ಡ್ರೈವರನಿಂದ ಅಲ್ಲ.'

ಯಜಮಾನ್ರು ನನ್ನ ಕಡೆ ತಿರುಗಿದ್ರು. 'ಉಜ್ಜಿದ್ದು ನಿನಗ ಗೊತ್ತಿತ್ತೇನು?'

ಹೌದು ಅನ್ನಬೇಕಿತ್ತು. ನಾನ ಉಜ್ಜಿಸಿದೆ, ಬ್ಯಾಡಂದ್ರೂ ಕೇಳಲಿಲ್ಲ ಅನ್ನಬೇಕಿತ್ತು. ಆದ್ರ ಒಳಗ ಲೆಕ್ಕ ನಡೀತು: ಕೀಲಿ ಪೊಳ್ಳು ಅಂತ ಗೊತ್ತಿದ್ದೂ ದೇವರನ್ನ ಅದರಾಗ ಇಟ್ಟೇನು ಅಂತ ಕೇಳಿದ್ರ? ಇವನ ಯಾರಿಗೋ ಹೇಳಿಕೊಟ್ಟಾನ ಅಂದ್ರ? ಮೇಸ್ತ್ರಿ ನನ್ನ ಮುಖ ನೋಡ್ಕೊಂತ ಕೂತಿದ್ರು. 'ಇಲ್ರಿ' ಅಂದೆ. ಅಂಗೈಯಾಗ ಭಂಡಾರ ಇನ್ನೂ ಹತ್ತಿತ್ತು.

ಮೇಸ್ತ್ರಿ ಕಣ್ಣು ಕೆಳಗ ಹಾಕಿ ಪತ್ತಿ ಆರಿಸಾಕ ಹತ್ತಿದ್ರು. 'ಡ್ರೈವರಗ ಒಳಗಿಂದೇನು ಗೊತ್ತಾಗತೈತ್ರಿ' ಅಂದ್ರು. ಅರಬಿ ಮಡಚಿ, ಚೀಲ ಬಗಲಿಗೆ ಹಾಕ್ಕೊಂಡು, ಬಿಸಲಾಗ ನಡ್ಕೊಂತ ಬಸ್ಸಿಗೆ ಹೋದ್ರು. ಬರ್ರಿ, ಕೊಟ್ಟೂರಿಗೆ ಬಿಡ್ತೀನಿ ಅನ್ನಾಕೂ ನನಗ ಬಾಯಿ ಬರಲಿಲ್ಲ.

ನನ್ನ ಮಾನ ಉಳೀತು. ಆ ಮನಿಯವರು ಮುಂದಿನ ವರ್ಷ ಹೊಸ ಮುಖ ಮಾಡಿಸಿ ಮತ್ತ ನನ್ನ ಜೀಪಿನಾಗ ಮೈಲಾರಕ್ಕ ಬಂದ್ರು. ಮೇಸ್ತ್ರಿದು ಉಳೀಲಿಲ್ಲ. ದೇವರ ಮುಖ ಕಳೆದ ಕೀಲಿ ಅಂತ ಸುದ್ದಿ ತೆಲಿಗಿ ತನಕ ಹಬ್ಬಿತು. ಯಾರೂ ಜಗಳ ಮಾಡಲಿಲ್ಲ, ಸುಮ್ಮನ ಅವರ ಅಂಗಡಿಗೆ ಹೋಗೋದು ಬಿಟ್ರು. ನನ್ನ ಜೀಪಿಗೆ ಅವರು ಮತ್ತೊಂದು ಕೀಲಿ ಜೋಡಿಸಿ ಕೊಟ್ರು, ಹೊಸ ಕೀಲಿಕೈ ಕೊರದು, ಮೂರು ತಾಸು ಕೂತು. ತಂತಿ ಬಳಿಗೆ ಕೈ ಹಾಕಿದಾಗ ನಾನು ಚಾ ಕುಡದು ಬರ್ತೀನಿ ಅಂತ ಎದ್ದು ಹೋದೆ. ಅವರ ಎದುರಿಗೆ ಕೂಡೋದು ಆಗ್ತಿದ್ದಿಲ್ಲ. ಅದಾದ ಮ್ಯಾಲ ಆ ಓಣಿನೇ ಬಿಟ್ಟು ತಿರುಗಾಡಿದೆ. ಎರಡು ವರ್ಷಕ್ಕ ಅಂಗಡಿ ಮುಚ್ಚಿ ಮಗಳ ಕಡೆ ಹೋದ್ರಂತ ಕೇಳಿದೆ. ಒಮ್ಮೆ ಹರಪನಹಳ್ಳಿ ಬಸ್ ಸ್ಟ್ಯಾಂಡಿನಾಗ ಎದುರಾದ್ರು. ಬೈಬಹುದಿತ್ತು, ಮುಖ ತಿರುವಬಹುದಿತ್ತು. 'ಕೀಲಿ ಚಲೋ ನಡದೈತೇನು ತಮ್ಮಾ?' ಅಂತ ಕೇಳಿದ್ರು. ನಡದೈತ್ರಿ ಅಂದೆ. 'ಕೀಲಿಕೈ ಸವೆಯಾಕ ಬಿಡಬ್ಯಾಡ' ಅಂದು ಹೋದ್ರು.

ಸತ್ತ ಸುದ್ದಿ ತಿಳಿದ ಮ್ಯಾಲ ಮಗಳ ಮನಿಗೆ ಹೋದೆ. ಆಕಿ ಆಸ್ಪತ್ರಿಯಾಗ ನರ್ಸ್ ಅದಾಳ, ತಂದಿಯಂಗ ಮೆತ್ತಗ ಮಾತಾಡ್ತಾಳ. ಚಾ ತಂದಿಟ್ಲು. ನಾನು ಕುಡಿಯೋಕ್ಕಿಂತ ಮುಂಚೆ ಎಲ್ಲಾ ಹೇಳಿದೆ, ಅವಸರದಿಂದ, ಒಂದ ಉಸಿರಿಗೆ.

'ಅಪ್ಪ ನಿಮ್ಮ ಹೆಸರು ಹೇಳಿದ್ದಿಲ್ರಿ ಕಾಕಾ. ಯಾಕ ಉಜ್ಜಿದಿ, ನೀ ಅಂಥವನಲ್ಲಲ್ಲ ಅಂತ ನಾನು ಬಾಳ ಸಲ ಕೇಳೀನಿ. ಗಿರಾಕಿಗೆ ಅವಸರ ಇರ್ತೈತವ್ವಾ, ಬ್ಯಾಡ ಅನ್ನೋದು ನನ್ನ ಕೆಲಸ ಆಗಿತ್ತು ಅಂತಿದ್ರು.'

ನನಗ ಅಳು ಬಂತು. ಆಕಿ ನನ್ನನ್ನ ಸಮಾಧಾನ ಮಾಡಲಿಲ್ಲ. ಒಳಗ ಹೋಗಿ ಆ ತಂತಿ ಬಳಿ ತಂದು ನನ್ನ ಮುಂದಿಟ್ಲು.

'ತಂಬ್ರಹಳ್ಳಿಯವರಿಗೆ ಹೇಳೀರೇನು?'

'ಇಲ್ಲವ್ವಾ.'

'ನನಗ ಹೇಳಿ ಏನಾಗಬೇಕ್ರಿ? ಅಲ್ಲಿ ಹೇಳ್ರಿ.'

ನಿನ್ನೆ ಐತವಾರ ಹೋಗಿದ್ದೆ. ಅದ ಜೀಪು, ಈಗ ಸಂತಿಗೆ ಮಾತ್ರ ಹೊರಗ ತೆಗೀತೀನಿ. ಅದ ಕಟ್ಟಿ. ಯಜಮಾನ್ರಿಗೆ ವಯಸ್ಸಾಗೈತಿ, ಕೋಲು ಹಿಡಿದು ಕೂತಿದ್ರು. ಅವರ ಎದುರಿಗೆ ನಿಂತು ಈ ಸಲ ಸಾವಕಾಶ ಹೇಳಿದೆ. ಬ್ಯಾಡ ಅಂದಿದ್ದು ಅವರು, ಉಜ್ಜಿಸಿದ್ದು ನಾನು, ಕೈಯಾಗಿನ ಕೀಲಿ ಕಸ್ಕೊಂಡಿದ್ದು ನಾನು, ಭಂಡಾರ ಹತ್ತಿದ ಕೈಯಾಗ ನಿಮಗ ಸುಳ್ಳು ಹೇಳಿದ್ದು ನಾನು. ಬೈತಾರ ಅಂದ್ಕೊಂಡಿದ್ದೆ. ಹೋಗ್ಲಿ ಬಿಡು, ಹಳೇದು ಅಂತಾರ ಅಂತ ಆಸಿನೂ ಇತ್ತು, ಸುಳ್ಳ್ಯಾಕ ಹೇಳ್ಲಿ.

'ಇದನ್ನ ಆವತ್ತ ಹೇಳಿದ್ರ ಆ ಮನುಷ್ಯನ ಅಂಗಡಿ ಉಳೀತಿತ್ತಲ್ಲೋ' ಅಂದ್ರು ಯಜಮಾನ್ರು.

'ಹೌದ್ರಿ' ಅಂದೆ.

ಜೀಪಿಗೆ ಬಂದು ಬಾಗಿಲ ತೆಗೆದೆ. ಡಬ್ಬಿ ಮುಂದ ಕೂತು, ಮೇಸ್ತ್ರಿ ಮಗಳು ಕೊಟ್ಟ ತಂತಿ ಬಳಿಯಿಂದ ಮೊದಲನೇ ಕೀಲಿಕೈ ಹಾಕಿದೆ. ತಿರುವಿದೆ. ಎರಡನೇದು ಹಾಕಿದೆ. ಏಳನೇದನ್ನ ಎರಡು ಸಲ ತಿರುವಿ ನೋಡಿದೆ, ಹನ್ನೊಂದನೇದನ್ನೂ. ಯಜಮಾನ್ರು ಕೋಲೂರ್ಕೊಂತ ಬಂದು ಜೀಪಿನ ಮಗ್ಗಲಕ್ಕ ನಿಂತಿದ್ರು. ನಾನು ಅವಸರ ಮಾಡಲಿಲ್ಲ. ಇಪ್ಪತ್ಮೂರೂ ಹಾಕಿದೆ. ಒಂದಕ್ಕೂ ತೆಗೀಲಿಲ್ಲ.